ನಡುಗುವ ಅಕ್ಷರ

ಅನಾಥಾಶ್ರಮಕ್ಕೆ ನೆರವು ಕೇಳುವ ಪತ್ರಗಳ ಲಕೋಟೆಯ ಮೇಲೆ ವಿಳಾಸ ಬರೆಯುವುದು ನನ್ನ ನಾದಿನಿಯ ಕೆಲಸ. ಕೈಬರಹವಿದ್ದರೆ ಜನ ಒಡೆದು ಓದುತ್ತಾರೆ, ಅಚ್ಚಾಗಿದ್ದರೆ ಬುಟ್ಟಿಗೆ ಹಾಕುತ್ತಾರೆ. ಕಳೆದ ವರ್ಷ ಕೈ ನಡುಗತೊಡಗಿದಾಗ ಕೆಲಸ ಹೋಯಿತೆಂದೇ ತಿಳಿದು, ವೈದ್ಯರ ಚೀಟಿ ಹಿಡಿದು ಮ್ಯಾನೇಜರನ ಎದುರು ನಿಂತಳು.

"ಮಾತ್ರೆ ಕೊಟ್ಟಿದಾರೆ ಸಾರ್, ಸರಿಹೋಗುತ್ತೆ."

"ಸರಿಮಾಡ್ಕೊಂಡು ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಅಕ್ಕಾ," ಎಂದು ಅವನು ನಕ್ಕ. "ನಡುಗೋ ಅಕ್ಷರ ನೋಡಿ, ಪಾಪ ಯಾರೋ ಮುದುಕಿ ಅಂತ ಜನ ದುಪ್ಪಟ್ಟು ಕಳಿಸ್ತಿದಾರೆ."

"ಮುದುಕಿ ನಿಮ್ಮಜ್ಜಿ," ಎಂದಳು ಇವಳು. ಆದರೂ ಕೆಲಸ ಉಳಿಯಿತು.

ಬೆಳಗ್ಗೆ ತಿಂಡಿಯಾದ ಮೇಲೆ ನುಂಗಬೇಕಾದ ಮಾತ್ರೆಯನ್ನು ಅವಳೀಗ ಕೆಲಸ ಮುಗಿಸಿ ಬಂದು ನುಂಗುತ್ತಾಳೆ. ಹಗಲೆಲ್ಲ ಕೈ ನಡುಗುತ್ತದೆ. ಸಂಜೆ ಅದು ಹತೋಟಿಗೆ ಬಂದಾಗ ನನ್ನ ಸೂಜಿಗೆ ದಾರ ಪೋಣಿಸಿಕೊಡುತ್ತಾಳೆ, ಒಂದೇ ಸಲಕ್ಕೆ.