ಪೇಪರ್ ಗಾಡಿಯವರು ಬಿಟ್ಟ ಹೆಸರು

ಕಳೆದ ಜೂನ್‌ನಲ್ಲಿ ಸಾಗರದ ನ್ಯಾಯಾಲಯವು ಪೇಪರ್ ಗಾಡಿಯ ಡ್ರೈವರ್ ಒಬ್ಬರಿಗೆ ಕೊಟ್ಟಿದ್ದ ಷರತ್ತಿನ ಕ್ಷಮೆಯನ್ನು ಹಿಂಪಡೆಯಿತು. ಆದೇಶ ಓದುವಾಗ ಅವರು ಎಡ ಅಂಗೈಯನ್ನು ಪ್ಯಾಂಟಿಗೆ ಉಜ್ಜುತ್ತಿದ್ದರು. ಆ ಕೈಗೆ ಅಂಟಿದ್ದ ಅಚ್ಚಿನ ಮಸಿ ಸೋಪಿಗೂ ಹೋಗುತ್ತಿರಲಿಲ್ಲ.

ಶಿವಮೊಗ್ಗದಲ್ಲಿ ಅಚ್ಚಾದ ಪತ್ರಿಕೆಗಳನ್ನು ತೀರ್ಥಹಳ್ಳಿ, ಹೊಸನಗರ ದಾಟಿಸಿ ಬೆಳಗಾಗುವಷ್ಟರಲ್ಲಿ ಸಾಗರಕ್ಕೆ ತರುವುದು ಅವರ ಕೆಲಸ. ಉಳಿದ ಡ್ರೈವರುಗಳು ಕಟ್ಟುಗಳನ್ನು ಗಾಡಿಯಿಂದಲೇ ಎಸೆಯುತ್ತಿದ್ದರು. ಇವರು ಇಳಿದು, ಅಂಗಡಿ ಕಟ್ಟೆಯ ಒಣ ಜಾಗ ಹುಡುಕಿ ಇಡುತ್ತಿದ್ದರು. "ಓದೋ ವಸ್ತು ಸಾರ್, ಬಿಸಾಡ್ಬಾರ್ದು" ಎನ್ನುತ್ತಿದ್ದರು. ಮಳೆಗೆ ನೆಟ್‌ವರ್ಕ್ ಸತ್ತ ದಿನಗಳಲ್ಲಿ, ಸಾಗರದ ವರದಿಗಾರನಾದ ನಾನು ತೆಗೆದ ಫೋಟೊಗಳ ಚಿಪ್ ಅವರ ಜೇಬಿನಲ್ಲೇ ಶಿವಮೊಗ್ಗ ಸೇರುತ್ತಿತ್ತು. ಒಮ್ಮೆಯೂ ತಪ್ಪಿಲ್ಲ.

ಪೇಪರ್ ಗಾಡಿಯನ್ನು ಯಾವ ಚೆಕ್‌ಪೋಸ್ಟ್‌ನಲ್ಲೂ ತಡೆಯುವುದಿಲ್ಲ. ಅದು ಗೊತ್ತಿದ್ದ ಮೂವರು ತೀರ್ಥಹಳ್ಳಿ ಕಡೆಯ ಗೋದಾಮೊಂದರ ಬೀಗ ಒಡೆದು, ಕದ್ದ ಅಡಿಕೆ ಮೂಟೆಗಳನ್ನು ಇವರ ಗಾಡಿಗೆ ಏರಿಸಿದರು. ಇವರು ಒಪ್ಪಿ ಸಾಗಿಸಿದ್ದರು. ನಾಲ್ವರೂ ಸಿಕ್ಕಿಬಿದ್ದರು. ಜಾಮೀನಿನ ಮೇಲೆ ಬಂದ ಇವರು ಉಳಿದ ಮೂವರ ವಿರುದ್ಧ ಮಾಫಿ ಸಾಕ್ಷಿಯಾಗಲು ಒಪ್ಪಿದರು. ಷರತ್ತು ಒಂದೇ: ನಡೆದದ್ದನ್ನೆಲ್ಲ ಹೇಳಬೇಕು. ಏನನ್ನಾದರೂ ಮುಚ್ಚಿಟ್ಟರೆ ಕ್ಷಮೆ ಹೋಗುತ್ತದೆ, ಮತ್ತೆ ಆರೋಪಿಯಾಗಬೇಕಾಗುತ್ತದೆ.

ಆ ಸುದ್ದಿ ಬರೆದವನು ನಾನು. ಅದನ್ನು ಹೊತ್ತು ತಂದವರು ಅವರು. ಆ ದಿನ ಕಟ್ಟುಗಳನ್ನು ಮುಖಪುಟ ಕೆಳಗೆ ಮಾಡಿ ಇಟ್ಟಿದ್ದರು.

"ಎಂಥಾ ಮಾರಾಯಾ, ಇವತ್ತು ಬರೀ ಪೇಪರಾ? ಮೂಟೆ ಇಲ್ವಾ?" ಎಂದು ಸಾಗರದ ಪೇಪರ್ ಏಜೆಂಟರು ಕೆಣಕಿದರು.

ಡ್ರೈವರ್ ನನ್ನ ಕಡೆ ತಿರುಗಿ, "ಹೆಸ್ರು ಸರಿಯಾಗೇ ಬರ್ದೀರಿ ಸಾರ್. ಊರೂರಿಗೆ ನಾನೇ ಹಂಚ್ಕೊಂಡು ಬಂದೆ" ಎಂದರು. ನಕ್ಕರು, ಆದರೆ ಮುಖ ಎತ್ತಲಿಲ್ಲ.

ಸಾಕ್ಷಿ ಹೇಳುವ ದಿನ ಮೂವರ ಹೆಸರನ್ನೂ ಹೇಳಿದರು. ಮೂಟೆಗಳು ನೇರ ಸಾಗರಕ್ಕೆ ಹೋದವು ಎಂದರು. ಆರೋಪಿಗಳ ಪರ ವಕೀಲರು ಮೊಬೈಲ್ ಟವರ್ ದಾಖಲೆ ತೋರಿಸಿ, ಆ ಬೆಳಿಗ್ಗೆ ಗಾಡಿ ಅರಳಸುರಳಿಯಲ್ಲಿ ಏಕೆ ನಿಂತಿತ್ತು ಎಂದು ಕೇಳಿದರು.

"ಪಂಕ್ಚರ್ ಆಗಿತ್ತು."

ಅರಳಸುರಳಿಯಲ್ಲಿ ಅವರ ಅಕ್ಕನ ಮನೆ ಇದೆ. ತಾಯಿ ತೀರಿದ ಮೇಲೆ ಅವರನ್ನು ಸಾಕಿದ ಅಕ್ಕ. ಪೊಲೀಸರು ಹೋಗಿ ನೋಡಿದಾಗ ಕೊಟ್ಟಿಗೆಯಲ್ಲಿ ಗೋದಾಮಿನ ಗುರುತಿದ್ದ ಹರಿದ ಚೀಲವೊಂದು ಸಿಕ್ಕಿತು. ಸಾಕ್ಷಿ ಸತ್ಯ ಮುಚ್ಚಿಟ್ಟಿದ್ದಾರೆಂದು ಸರ್ಕಾರಿ ವಕೀಲರು ನ್ಯಾಯಾಲಯಕ್ಕೆ ಬರೆದುಕೊಟ್ಟರು.

ಆದೇಶವಾದ ದಿನ ಕೋರ್ಟಿನ ಹೊರಗೆ, ಅಕ್ಕನ ಮನೆಯ ಮಾತೊಂದನ್ನು ಏಕೆ ಬಿಟ್ಟಿರಿ ಎಂದು ಕೇಳಿದೆ.

"ಹೇಳಿದ್ರೆ ಅಕ್ಕನ್ನ ಕರೆಸ್ತಿದ್ರು ಸಾರ್. ಜವಾನ ಬಾಗ್ಲಲ್ಲಿ ನಿಂತು ಅವ್ಳ ಹೆಸ್ರು ಕೂಗ್ತಿದ್ದ, ಕಳ್ಳರ ಹೆಸ್ರು ಕೂಗೋ ಹಂಗೆ. ನಂಗೆ ನಾಚ್ಕೆ ಆಯ್ತು." ಅಂಗೈಯನ್ನು ಪ್ಯಾಂಟಿಗೆ ಉಜ್ಜುತ್ತಾ, "ಮೂಟೆ ಇಡುವಾಗ ಆಗ್ಬೇಕಿತ್ತು" ಎಂದರು.

ಗಾಡಿಯ ಮಾಲೀಕರು ಅವರನ್ನು ಕೆಲಸದಿಂದ ಬಿಡಿಸಿದರು. ಅವರ ಮೇಲೆ ಪ್ರತ್ಯೇಕ ವಿಚಾರಣೆ ಶುರುವಾಯಿತು.

ಕಳೆದ ವಾರ ಸರ್ಕಾರದ ಪರ ಮೊದಲ ಸಾಕ್ಷಿಯನ್ನು ಕರೆದರು. ಜವಾನ ಬಾಗಿಲಲ್ಲಿ ನಿಂತು ಅಕ್ಕನ ಹೆಸರನ್ನು ಜೋರಾಗಿ ಕೂಗಿದ. ಕಿವಿ ಮಂದವಾದ್ದರಿಂದ ಅಕ್ಕನಿಗೆ ಕೇಳಿಸಲಿಲ್ಲ. ಮತ್ತೆ ಮತ್ತೆ ಕೂಗಬೇಕಾಯಿತು. ಡ್ರೈವರ್ ಆರೋಪಿಯ ಕಟಕಟೆಯಲ್ಲಿ ತಲೆ ತಗ್ಗಿಸಿ ನಿಂತಿದ್ದರು.

ಮೂಟೆಯಲ್ಲಿ ಏನಿದೆಯೆಂದು ನಿಮ್ಮ ತಮ್ಮ ಹೇಳಿದ್ದರು ಎಂದು ಸರ್ಕಾರಿ ವಕೀಲರು ಅಕ್ಕನನ್ನು ಕೇಳಿದರು.

"ಉಳ್ದ ಪೇಪರ್ ಅಂದಿದ್ದ."

"ಬಿಚ್ಚಿ ನೋಡಲಿಲ್ಲವೇ?"

"ಎಂತಕ್ಕೆ ನೋಡ್ಲಿ? ನನ್ ತಮ್ಮ ಅಲ್ದಾ ಇಟ್ಟಿದ್ದು."

ಸುದ್ದಿ ಮರುದಿನ ಒಳಪುಟದಲ್ಲಿ ಬಂತು. ಹೊಸ ಡ್ರೈವರ್ ಕಟ್ಟನ್ನು ಗಾಡಿಯಿಂದಲೇ ಎಸೆದು ಹೋದ. ತೀರ್ಪು ಇನ್ನೂ ಬಂದಿಲ್ಲ.