ಒಂದೇ ಕಟ್ಟು, ಎರಡು ದೇಶ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಬೆಲ್ಲ ಸೀದ ವಾಸನೆ ಬಂತು. ಮುಧೋಳದ ಸುತ್ತ ಕಬ್ಬು ಕಡಿಯುವ ದಿನಗಳಲ್ಲಿ ಆ ವಾಸನೆಗೆ ಯಾರೂ ತಲೆ ಎತ್ತುವುದಿಲ್ಲ. ನಾವೂ ಎತ್ತಲಿಲ್ಲ.

"ಗಾಣದಾಗ ಯಾರೋ ನಿದ್ದಿ ಮಾಡ್ಯಾರ ನೋಡು, ಪಾಕ ತಳಾ ಹಿಡದೈತಿ," ಎಂದು ಅಕ್ಕ ನಕ್ಕಳು.

ಕಬ್ಬಿನ ಸಿಪ್ಪೆಯಿಂದ ದಪ್ಪ ಕಾಗದದ ಹಾಳೆ ಮಾಡುವ ಸಣ್ಣ ಘಟಕ ಅವಳದು. ಅಲ್ಲಿಯವರೆಗೆ ಆ ಹಾಳೆಗಳು ಬನಹಟ್ಟಿಯ ಸೀರೆ ಪೆಟ್ಟಿಗೆಗಳಾಚೆ ಹೋಗಿರಲಿಲ್ಲ. ಈಗ ಬಾಂಗ್ಲಾದೇಶಕ್ಕೊಂದು, ಶ್ರೀಲಂಕಾಕ್ಕೊಂದು ಮಾದರಿಯ ಕಟ್ಟು ಕಳಿಸುವುದಿತ್ತು. ಒಂದು ಕಟ್ಟಿ ಆಗಿತ್ತು; ಇನ್ನೊಂದರ ಹಾಳೆಗಳು ಹಿತ್ತಲಲ್ಲಿ ಒಣಗುತ್ತಿದ್ದವು. ನಾನು ಲ್ಯಾಪ್‌ಟಾಪಿನಲ್ಲಿ ಎರಡೂ ದೇಶಗಳ ಕಾಗದ ಆಮದಿನ ಮೌಲ್ಯವನ್ನು ಅಕ್ಕಪಕ್ಕ ಇಟ್ಟು ತೋರಿಸುತ್ತಿದ್ದೆ. ಬಾಂಗ್ಲಾದ ಮೊತ್ತದೆದುರು ಶ್ರೀಲಂಕಾದ್ದು ಕುಳ್ಳಗೆ ಕಾಣುತ್ತಿತ್ತು.

ಅಷ್ಟರಲ್ಲಿ ಸಿಪ್ಪೆ ಇಳಿಸಲು ಬಂದ ಟ್ರ್ಯಾಕ್ಟರ್ ಡ್ರೈವರ್ ಹಿತ್ತಲಿನಿಂದ ಕೂಗಿದ: "ಅಕ್ಕಾರ, ನಿಮ್ಮ ಬಣವೀನ ಹೊಗಿ ಬಿಡಾಕತ್ತೈತ್ರೀ!"

ಅಕ್ಕ ನೀರಿನ ಪೈಪು ಹಿಡಿದು ಸಿಪ್ಪೆಯ ಬಣವೆ ಹತ್ತಿದಳು. ಮೇಲೆ ಗಟ್ಟಿಯಾಗಿಯೇ ಇತ್ತು. ಒಳಗೆ ಎಂದಿನಿಂದ ಕಾದು, ಉರಿದು, ಟೊಳ್ಳಾಗಿತ್ತೋ ಏನೋ. ಅವಳ ಬಲಗಾಲು ಮೊಣಕಾಲಿನವರೆಗೆ ಇಳಿದುಹೋಯಿತು. ಅವಳು ನನ್ನ ಕಡೆ ನೋಡಿದಳು. ನಾನೂ ಡ್ರೈವರನೂ ಹಲಗೆ ಹಾಸಿ, ಅದರ ಮೇಲೆ ತೆವಳಿ, ಕಂಕುಳಿಗೆ ಕೈ ಹಾಕಿ ಎಳೆದೆವು.

ಆ ನೋಟ ನನ್ನನ್ನು ಇನ್ನೂ ಬಿಟ್ಟಿಲ್ಲ. ಚಹಾ ಸೋಸುವಾಗ, ಬಸ್ಸಿಗೆ ಕಾಯುವಾಗ ಅವಳ ಕಾಲು ಮತ್ತೆ ಇಳಿಯುತ್ತದೆ. ಒಮ್ಮೊಮ್ಮೆ ಹಲಗೆ ನನ್ನ ಕೈಗೆ ಸಿಗುವುದೇ ಇಲ್ಲ.

ಬೆಂಕಿ ಆರುವಷ್ಟರಲ್ಲಿ ಬಣವೆಯೂ ಒಣಗಲು ಹಾಕಿದ್ದ ಹಾಳೆಗಳೂ ಹೋಗಿದ್ದವು. ಮುಂದಿನ ಕೋಣೆಯಲ್ಲಿದ್ದ ಕಟ್ಟೊಂದು ಉಳಿಯಿತು.

ಜಮಖಂಡಿಯ ಆಸ್ಪತ್ರೆಯಲ್ಲಿ ಕಾಲಿಗೆ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದ ಅಕ್ಕ ನನ್ನ ಮುಖ ನೋಡಿದಳು.

"ಸುಟ್ಟಿದ್ದು ನನ್ನ ಕಾಲು, ಅಳಾಕತ್ತಾಂವ ನೀನು. ಛಲೋ ಆತು. ಒಂದ ಕಟ್ಟು ಉಳದೈತಿ. ಯಾವ ದೇಶಕ್ಕ ಕಳಸೂಣು? ಇದೂ ಹೋತಂದ್ರ ಘಟಕಕ್ಕ ಕೀಲಿ ಹಾಕೂದ."

"ಬಾಂಗ್ಲಾದ ಮೊತ್ತ ದೊಡ್ಡದೈತಿ."

"ಮ್ಯಾಲಷ್ಟ ನೋಡಿ ಹತ್ತಿದ್ದು ಸಾಕಾತಲೇ ತಮ್ಮಾ. ಒಳಗ ಏನೈತಿ ನೋಡು. ಬಿ.ಕಾಂ. ಯಾಕ ಓದೀದಿ?"

ಅಲ್ಲೇ ಸ್ಟೂಲಿನ ಮೇಲೆ ಕುಳಿತು ಮೊತ್ತಗಳನ್ನು ಬಿಡಿಸಿದೆ. ಪತ್ರಿಕೆಯ ಕಾಗದ, ಬರೆಯುವ ಕಾಗದ, ನಮಗೆ ಸಂಬಂಧವಿಲ್ಲದ್ದನ್ನೆಲ್ಲ ಬದಿಗಿಟ್ಟೆ. ಪೆಟ್ಟಿಗೆಯ ದಪ್ಪ ಹಾಳೆಯಷ್ಟೇ ಉಳಿದಾಗ ಅಂತರ ನಾನೆಣಿಸಿದಷ್ಟಿರಲಿಲ್ಲ. ಜನಸಂಖ್ಯೆಯಿಂದ ಭಾಗಿಸಿದರೆ ಶ್ರೀಲಂಕಾವೇ ಮುಂದೆ. ಅಲ್ಲಿ ಚಹಾ ತುಂಬಲು ಪೆಟ್ಟಿಗೆ ಬೇಕು.

"ಚಹಾದವ್ರಂದ್ರ ನಮ್ಮಂಥ ಮಂದೀನ. ಕಳಸು," ಎಂದಳು ಅಕ್ಕ.

ಕಟ್ಟು ಹೋಯಿತು. ಅಕ್ಕ ಕೋಲೂರಿ ನಡೆಯತೊಡಗಿದಳು. ಹಿತ್ತಲಲ್ಲಿ ಈಗ ದೊಡ್ಡ ಬಣವೆಯಿಲ್ಲ. ದೂರ ದೂರ ಸಣ್ಣ ಗುಡ್ಡೆಗಳು, ಪ್ರತಿಯೊಂದರ ಹೊಟ್ಟೆಯಲ್ಲೂ ಒಂದು ಕಬ್ಬಿಣದ ಸಲಾಕೆ. ಸಂಜೆ ಅದನ್ನೆಳೆದು ಮುಟ್ಟಿದರೆ ಒಳಗಿನ ಬಿಸಿ ತಿಳಿಯುತ್ತದೆ. ನಾನು ಮಾತ್ರ ಅವುಗಳ ಹತ್ತಿರ ಹೋಗುತ್ತಿರಲಿಲ್ಲ. ರಾತ್ರಿ ನಿದ್ದೆ ಬಾರದೆ, ಬೆಳಗಿನ ಜಾವ ಹಾದುಹೋಗುವ ಟ್ರ್ಯಾಕ್ಟರುಗಳ ಹಾಡು ಕೇಳುತ್ತ ಬಿದ್ದಿರುತ್ತಿದ್ದೆ.

ಕೊಲಂಬೊದ ವ್ಯಾಪಾರಿ, ‘ಹಾಳೆ ಒಪ್ಪಿಗೆಯಾಯಿತು, ಇನ್ನಷ್ಟು ಕಳಿಸಿ’ ಎಂದು ಬರೆದ ದಿನ, ಅಕ್ಕ ಕುಂಟುತ್ತ ಹೋಗಿ ಸಲಾಕೆಯೊಂದನ್ನು ಎಳೆದು ನನ್ನ ಅಂಗೈಯಲ್ಲಿಟ್ಟಳು.

"ಹಿಡಿ. ತಣ್ಣಗೈತಿಲ್ಲೊ? ಇನ್ನರ ಮಲಕ್ಕೋ."

ಮರುದಿನ ಬೆಳಗಿನ ಜಾವವೂ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋದವಂತೆ. ನನಗೆ ಕೇಳಿಸಲೇ ಇಲ್ಲ.