ನೀರು ಕುಡಿದ ಕಂಬಳಿ

ಇವತ್ತು ಕುರಿ ದೊಡ್ಡಿ ಗುಡಿಸಿ ಹಿಕ್ಕೆ ತಿಪ್ಪೆಗೆ ಸುರಿದೆ. ನೀರು ಕಾಯಿಸಿ ಮೈದುನನ ಮೈ ಒರೆಸಿದೆ, ಗುಳಿಗೆ ಕೊಟ್ಟೆ. ಅವನ ಹಾಸಿಗೆ ಬಿಸಿಲಿಗೆ ಹಾಕಿ ತೆಗೆದೆ. ಹುಣಸೆ ಬೀಜ ಹುರಿದು ಸಿಪ್ಪೆ ಬಿಡಿಸಿದೆ. ಮಗ್ಗ ನಿಂತಿದೆ, ಆದರೂ ಕೈ ಸುಮ್ಮನಿರುವುದಿಲ್ಲ. ಮಧ್ಯಾಹ್ನ ನನ್ನ ತಂಗಿಯ ಮಗಳು ಫೋನ್ ಮಾಡಿದಳು. ಆಮೇಲೆ ನಮ್ಮ ಯಜಮಾನರು ಹಿತ್ತಲು ಸೇರಿದರು.

ಅಲಖನೂರದ ಹತ್ತಿರ ನಮ್ಮ ಊರು. ಇವರು ಕಂಬಳಿ ನೇಯುತ್ತಾರೆ, ಇವರ ತಮ್ಮ ಕುರಿ ಕಾಯುತ್ತಾನೆ. ತಂಗಿಯ ಮಗಳು ಕಾಲೇಜಿನಲ್ಲಿ ಬಟ್ಟೆಯ ವಿದ್ಯೆ ಕಲಿಯುತ್ತಾಳೆ. ಬೇಸಿಗೆಯಲ್ಲಿ ನಮ್ಮ ಕರಿ ಉಣ್ಣೆ ಒಂದು ಚೀಲ ಒಯ್ದು, ಪ್ಲಾಸ್ಮಾ ಹಾಯಿಸಿ ತಂದುಕೊಟ್ಟಿದ್ದಳು. ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಕರೆಂಟು ಬಿಟ್ಟರೆ ಉಳಿದ ಚೂರು ಗಾಳಿ ನೇರಳೆಯಾಗಿ ಬೆಳಗುತ್ತದಂತೆ, ಅದೇ ಪ್ಲಾಸ್ಮಾ. ಉಣ್ಣೆಯ ಪ್ರತಿ ಎಳೆಗೂ ಮೀನಿಗಿರುವಂಥ ಹುರುಪೆ ಇರುತ್ತದೆ, ಅದರ ಮೇಲೆ ಕಣ್ಣಿಗೆ ಕಾಣದ ಜಿಡ್ಡಿನ ಪೊರೆ. ನೀರು ಜಾರುವುದು ಆ ಪೊರೆಯಿಂದ. ತೊಳೆದಾಗ ಎಳೆಗಳು ಕಚ್ಚಿಕೊಂಡು ಕುಗ್ಗುವುದು ಹುರುಪೆಯಿಂದ. ಪ್ಲಾಸ್ಮಾ ಪೊರೆ ಸುಲಿದು ಹುರುಪೆಯ ಅಂಚು ಸವೆಸುತ್ತದೆ. ಒಳಗಿನ ಎಳೆಗೆ ಏನೂ ಆಗುವುದಿಲ್ಲ.

"ದೊಡ್ಡಪ್ಪಾ, ಬಣ್ಣ ಛಲೋ ಹಿಡೀತೈತ್ರಿ, ತೊಳದ್ರ ಕುಗ್ಗೂದಿಲ್ಲ. ಶಾಲಿಗೆ ಇಡ್ರಿ," ಅಂದಳು.

"ಶಾಲು ಹೊಚಗೊಂಡ ಕುರಿ ಯಾರ ಕಾಯ್ತಾರ್ಬೇ? ನಿಮ್ಮ ಸರ್ ಬರ್ತಾರೇನ?" ಎಂದು ಇವರು ನಕ್ಕರು.

ನಮ್ಮಲ್ಲಿ ಒಂದು ರೀತಿ ಇದೆ. ಬಂದ ಉಣ್ಣೆಯಲ್ಲಿ ಒಳ್ಳೆಯದು ಕುರಿಯ ಹಿಂದೆ ನಡೆಯುವವನಿಗೆ, ಸಂತೆಗೆ ಉಳಿದದ್ದು. ಮುಟ್ಟಿದರೆ ಮೆತ್ತಗಿದ್ದ ಆ ಉಣ್ಣೆಯನ್ನು ತಮ್ಮನಿಗೇ ನೇಯ್ದರು. ನೂಲಿಗೆ ಬಿರುಸು ಬರಲೆಂದು ಹುಣಸೆ ಬೀಜದ ಗಂಜಿ, ಅಂದರೆ ಸರಿ, ಬಳಿದಾಗ ಅದು ಎಂದಿಗಿಂತ ಬೇಗ ಹೀರಿತು.

"ನೋಡ, ಹೆಂಗ ಜಗ್ಗತೈತಿ! ತಗಡ ಆಗ್ತೈತಿ ಕಂಬಳಿ," ಅಂದರು.

ಹೊಸ ಕಂಬಳಿಯ ಮೇಲೆ ಚೆಂಬು ನೀರು ಸುರಿದು ನೋಡುವುದು ವಾಡಿಕೆ. ಸುರಿದೆವು. ನೀರು ಉರುಳಿ ನೆಲಕ್ಕೆ ಬಿತ್ತು. ಅದನ್ನು ತಡೆದದ್ದು ಮೇಲಿನ ಸರಿ, ಉಣ್ಣೆಯಲ್ಲ ಎಂದು ಯಾರಿಗೂ ಹೊಳೆಯಲಿಲ್ಲ.

ಮೈದುನ ಐಗಳಿ ಕಡೆ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ಬಯಲಲ್ಲೇ ಉಳಿದಿದ್ದಾಗ ಮಳೆ ಹಿಡಿಯಿತು, ಬಿಡಲಿಲ್ಲ. ಸರಿ ತೊಳೆದುಹೋಯಿತು. ಜೊತೆಯ ಕುರುಬರು ತಲೆಯ ಮೇಲಿಂದ ಮಡಚಿ ಹೊದ್ದ ತಮ್ಮ ಕಂಬಳಿ ಕೊಪ್ಪೆಯೊಳಗೆ ಬೆಚ್ಚಗೆ ಕೂತಿದ್ದರೆ, ಇವನ ಬೆನ್ನಿಗೆ ನೀರು ಇಳಿಯಿತು.

"ಕಂಬಳಿ ಹೊತ್ತೀಯೇನಲೇ, ಕೆರಿ ಹೊತ್ತೀಯೋ?" ಎಂದು ಅವರು ನಕ್ಕು, ಪ್ಲಾಸ್ಟಿಕ್ ಹಾಳೆ ಕೊಡಲು ಬಂದರಂತೆ.

"ನಮ್ಮಣ್ಣ ನೇದಾನ, ಇನ್ನೊಂದೀಟ ಬಿಗಿ ಆತಂದ್ರ ನೀರ ನಿಲ್ಲತೈತಿ," ಎಂದು ಇವನು ತೆಗೆದುಕೊಳ್ಳಲಿಲ್ಲ. ನಮ್ಮ ಕಂಬಳಿಗಳು ನೆನೆನೆನೆದು ಬಿಗಿಯಾಗುತ್ತವೆ, ಅವನು ಚಿಕ್ಕಂದಿನಿಂದ ಕಂಡದ್ದು ಅದನ್ನೇ. ಹುರುಪೆ ಸವೆದಿದ್ದರಿಂದ ಬಿಗಿಯಾಗುವ ಗುಣವೇ ಇದರಲ್ಲಿ ಉಳಿದಿರಲಿಲ್ಲ.

ಜ್ವರ ಬಂದು ಬಿದ್ದವನನ್ನು ಜೊತೆಯವರು ಟೆಂಪೋದಲ್ಲಿ ತಂದರು. ಜ್ವರ ಪುಪ್ಪುಸಕ್ಕೆ ಇಳಿದಿತ್ತು. ದವಾಖಾನೆಯಲ್ಲಿ ಬಹಳ ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಒಂದು ಕಡೆಯ ಪುಪ್ಪುಸ ಹೋದಂತೆಯೇ, ಇನ್ನೊಂದನ್ನು ಕಾದು ನೋಡಬೇಕು ಅಂದಿದ್ದಾರೆ ಡಾಕ್ಟರು.

ಇವತ್ತು ಫೋನಿನಲ್ಲಿ ಆ ಹುಡುಗಿ ಅಳುತ್ತಿದ್ದಳು. "ದೊಡ್ಡಪ್ಪಾ, ನಾ ಶಾಲಿಗೆ ಅಂದಿದ್ದೆನಲ್ರಿ. ಮಳಿಗೆ ಬ್ಯಾಡ ಅಂತ ಬಿಡಿಸಿ ಹೇಳಬೇಕಿತ್ತು."

"ನೀ ಹೇಳಿದ್ದೆವ್ವಾ. ಕೇಳಬೇಕಾದಂವ ನಾ ಇದ್ದೆ," ಎಂದು ಇವರು ಫೋನನ್ನು ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋದರು.

ಹೊತ್ತು ಮುಳುಗಿದರೂ ಒಳಗೆ ಬರಲಿಲ್ಲ. ಮೈದುನ ಉಸಿರು ಕೂಡಿಸಿಕೊಂಡು ಹೇಳಿದ: "ವೈನಿ, ಅಣ್ಣನ್ನ ಊಟಕ್ಕ ಕರೀರಿ. ನಾ ಇನ್ನಾ ಸತ್ತಿಲ್ಲಂತ ಹೇಳ್ರಿ."

ನಗಿಸಲೆಂದು ಹೇಳಿದ್ದ. ಕೆಮ್ಮು ಬಂತು, ಬೆನ್ನು ತಿಕ್ಕಿದೆ.

ರೊಟ್ಟಿ, ಝುಣಕ ಮಾಡಿ ಹಸಿ ಉಳ್ಳಾಗಡ್ಡಿ ಹೆಚ್ಚಿದ್ದೆ. ಅವನಿಗೆ ಜೋಳದ ನುಚ್ಚು, ಮಜ್ಜಿಗೆ; ನಾಲ್ಕು ತುತ್ತು ಹೋಯಿತು. ಕರೆದ ಮೇಲೆ ಒಳಗೆ ಬಂದ ಇವರು ಅರ್ಧ ರೊಟ್ಟಿ ಮುರಿದು, ತಮ್ಮನ ಕಾಲ ಬಳಿ ಗೋಡೆಗೆ ಒರಗಿ, ಅವನ ಉಸಿರು ಕೇಳುತ್ತ ಕೂತಲ್ಲೇ ಎಲ್ಲರಿಗಿಂತ ಮೊದಲು ನಿದ್ದೆ ಹೋದರು. ಮಲಗಿದರೆ ಉಸಿರು ಕಟ್ಟುತ್ತದೆಂದು ಮೈದುನ ಕೂತೇ ಇದ್ದ.